ಹಗ್ಗದ ಆಚೆ ಹೋದರೆ ಏನಾಗುತ್ತೆ? ಸ್ಕೀ ರೆಸಾರ್ಟಿನ ಗಡಿ, ದಂಡ ಮತ್ತು ಬಿಲ್ಲು



ಡಿಸೆಂಬರ್ ಬಂತು ಅಂದ್ರೆ ಪುಣೆ, ಮುಂಬೈ, ಹೈದರಾಬಾದಿನ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಗುಲ್ಮಾರ್ಗ್, ಔಲಿ, ಸೋಲಂಗ್ ಫೋಟೋಗಳು ಬರೋಕೆ ಶುರುವಾಗುತ್ತೆ. ಆನ್‌ಸೈಟ್ ಹೋದವರು ಕೊಲೊರಾಡೋದಿಂದಲೋ, ವ್ಯಾಂಕೂವರಿನಿಂದಲೋ, ಜಪಾನಿನಿಂದಲೋ ಹಾಕ್ತಾರೆ. ಎರಡು ಸೀಸನ್ ಸ್ಕೀ ಮಾಡಿದವರಿಗೆ ಮೂರನೇ ಸೀಸನ್‌ನಲ್ಲಿ ಒಂದು ಆಸೆ ಹುಟ್ಟುತ್ತೆ: ಆ ಹಗ್ಗದ ಆಚೆ ಯಾರೂ ಮುಟ್ಟದ ಹೊಸ ಹಿಮ ಇದೆಯಲ್ಲ, ಅಲ್ಲಿಗೆ ಹೋಗಬಾರದಾ? ಅದರ ಹಿಂದೆಯೇ ಪ್ರಶ್ನೆ: ಹೋದರೆ ಫೈನ್ ಎಷ್ಟು?

ಇವತ್ತಿನ ಮಾತು ಅದರ ಬಗ್ಗೆ. ಮೊದಲೇ ಹೇಳಿಬಿಡ್ತೀನಿ, ಫೈನ್ ಎಷ್ಟು ಅನ್ನೋದು ಇಲ್ಲಿ ಕಡಿಮೆ ಮುಖ್ಯವಾದ ಪ್ರಶ್ನೆ. ಒಂದೇ ಬೆಟ್ಟದಲ್ಲಿ, ಐವತ್ತು ಮೀಟರ್ ಅಂತರದಲ್ಲಿ, ಇಬ್ಬರು ಗಡಿ ದಾಟಿದರೆ ಒಬ್ಬನದು ಪೂರ್ತಿ ಕಾನೂನುಬದ್ಧ, ಇನ್ನೊಬ್ಬನದು ಅಪರಾಧ ಆಗಿರಬಹುದು. ಏನು ದಾಟಿದಿರಿ, ಎಲ್ಲಿಂದ ದಾಟಿದಿರಿ, ನಿಮ್ಮ ಕೆಳಗೆ ಯಾರಿದ್ದರು ಅನ್ನೋದರ ಮೇಲೆ ಎಲ್ಲವೂ ನಿಂತಿದೆ.

ಮೊದಲು ಗಡಿ ಅಂದ್ರೆ ಏನು ಅಂತ ನೋಡೋಣ. ರೆಸಾರ್ಟಿನವರು ಬೆಟ್ಟದ ಒಂದು ಭಾಗಕ್ಕೆ ಜವಾಬ್ದಾರಿ ತಗೊಂಡಿರ್ತಾರೆ. ಜವಾಬ್ದಾರಿ ಅಂದ್ರೆ ಬರೀ ಲಿಫ್ಟ್ ಓಡಿಸೋದಲ್ಲ. ರಾತ್ರಿ ಹಿಮ ಬಿದ್ದರೆ ಬೆಳಗ್ಗೆ ಲಿಫ್ಟ್ ತೆರೆಯುವ ಮೊದಲೇ ಸ್ಕೀ ಪ್ಯಾಟ್ರೋಲ್ ತಂಡ ಮೇಲೆ ಹೋಗಿ, ಕಡಿದಾದ ಇಳಿಜಾರುಗಳಲ್ಲಿ ಸ್ಫೋಟಕ ಹಾಕಿ, ಜಾರಬಹುದಾದ ಹಿಮವನ್ನು ತಾವೇ ಬೀಳಿಸ್ತಾರೆ. ಸಂಜೆ ಲಿಫ್ಟ್ ನಿಂತ ಮೇಲೆ ಪ್ರತಿಯೊಂದು ದಾರಿಯಲ್ಲೂ ಇಳಿದು, ಯಾರಾದರೂ ಬಿದ್ದಿದ್ದಾರಾ, ಕಾಲು ಮುರಿದುಕೊಂಡು ಕೂತಿದ್ದಾರಾ ಅಂತ ನೋಡಿಕೊಂಡು ಬರ್ತಾರೆ. ಈ ಸಂಜೆಯ ಸುತ್ತು ಬಹಳ ಮುಖ್ಯ. ಗಡಿಯೊಳಗೆ ಬಿದ್ದರೆ ಕತ್ತಲಾಗುವ ಮೊದಲು ಯಾರೋ ಒಬ್ಬರು ನಿಮ್ಮ ಪಕ್ಕದಲ್ಲಿ ಹಾದುಹೋಗೇ ಹೋಗ್ತಾರೆ. ಗಡಿಯಾಚೆ ಬಿದ್ದರೆ ಹಾದುಹೋಗುವವರು ಯಾರೂ ಇಲ್ಲ.

ಇದರಿಂದ ಮೂರು ಬೇರೆ ಬೇರೆ ಸ್ಥಿತಿಗಳು ಹುಟ್ಟುತ್ತವೆ, ಜನ ಇವನ್ನ ಒಂದೇ ಅಂದುಕೊಳ್ತಾರೆ. ಒಂದು, ಗಡಿಯೊಳಗಿದ್ದರೂ ಇವತ್ತಿಗೆ ಮುಚ್ಚಿರುವ ಜಾಗ. ಎರಡು, ಗಡಿಯ ಆಚೆಗಿನ ಜಾಗ, ಆದರೆ ಹೋಗೋಕೆ ಅಂತ ಗೇಟ್ ಇದೆ, ಗೇಟ್ ತೆರೆದಿದೆ. ಮೂರು, ಗಡಿಯ ಆಚೆಗಿನ ಜಾಗ, ಅಲ್ಲಿಗೆ ಹೋಗೋದೇ ನಿಷಿದ್ಧ. ದಂಡದ ಮಾತು ಮೊದಲನೆಯದಕ್ಕೂ ಮೂರನೆಯದಕ್ಕೂ ಸೇರಿದ್ದು. ಎರಡನೆಯದಕ್ಕೆ ದಂಡ ಇಲ್ಲ. ಪ್ಯಾಟ್ರೋಲೂ ಇಲ್ಲ, ಅದು ಬೇರೆ ವಿಷಯ.

ಈ ಗೇಟ್ ಅನ್ನೋದು ಯಾಕೆ ಬಂತು? ಅಮೆರಿಕದ ಪಶ್ಚಿಮ ಭಾಗದ ದೊಡ್ಡ ರೆಸಾರ್ಟುಗಳಲ್ಲಿ ಬಹಳಷ್ಟು ನಿಂತಿರೋದು ಖಾಸಗಿ ಜಮೀನಿನ ಮೇಲಲ್ಲ, ಸರ್ಕಾರದ ರಾಷ್ಟ್ರೀಯ ಅರಣ್ಯದ ಮೇಲೆ. ಅಲ್ಲಿನ ಅರಣ್ಯ ಇಲಾಖೆ, ಯು.ಎಸ್. ಫಾರೆಸ್ಟ್ ಸರ್ವಿಸ್, ಸುಮಾರು 120 ಸ್ಕೀ ಪ್ರದೇಶಗಳಿಗೆ ಪರ್ಮಿಟ್ ಕೊಟ್ಟಿದೆ. ಅಂದ್ರೆ ಲಿಫ್ಟ್ ಕಂಪನಿಯದು, ಬೆಟ್ಟ ಸಾರ್ವಜನಿಕರದು. ರೆಸಾರ್ಟಿನ ಗಡಿ ಮುಗಿದ ಕಡೆ ಶುರುವಾಗೋದೂ ಸಾರ್ವಜನಿಕರ ಕಾಡೇ. ಅಲ್ಲಿ ಓಡಾಡೋಕೆ ಜನಕ್ಕೆ ಹಕ್ಕಿದೆ. ಹಾಗಾಗಿ "ನಮ್ಮ ಗಡಿ ದಾಟಬೇಡಿ" ಅಂತ ಕಂಪನಿ ಸುಮ್ಮನೆ ಹೇಳಿದರೆ ಎಲ್ಲಾ ಕಡೆ ನಡೆಯೋದಿಲ್ಲ. ಅದಕ್ಕೇ ರಾಜಿ ಸೂತ್ರ ಗೇಟ್: ಹೋಗೋದಾದರೆ ಇಲ್ಲಿಂದ ಹೋಗಿ, ಪಕ್ಕದ ಹಗ್ಗದ ಕೆಳಗೆ ನುಸುಳಬೇಡಿ.

ಈ ಸೂತ್ರ ಸುಲಭವಾಗಿ ಬಂದದ್ದಲ್ಲ. ವಯೋಮಿಂಗ್ ರಾಜ್ಯದ ಜಾಕ್ಸನ್ ಹೋಲ್‌ನಲ್ಲಿ ಬಹಳ ಕಾಲ ಗಡಿ ಮುಚ್ಚಿತ್ತು. ಸ್ಥಳೀಯ ಸ್ಕೀಯರ್‌ಗಳ ಒಂದು ಗುಂಪು, ತಮ್ಮನ್ನು ತಾವು "ಜಾಕ್ಸನ್ ಹೋಲ್ ಏರ್ ಫೋರ್ಸ್" ಅಂತ ಕರೆದುಕೊಳ್ತಿದ್ದವರು, ಹಗ್ಗ ದಾಟೋದನ್ನೇ ಜೀವನಶೈಲಿ ಮಾಡಿಕೊಂಡಿದ್ದರು. ಡಗ್ ಕೂಂಬ್ಸ್ ಅನ್ನೋ ಆ ಕಾಲದ ಹೆಸರಾಂತ ಸ್ಕೀಯರ್ ಪಾಸನ್ನೇ ರೆಸಾರ್ಟ್ 1997ರಲ್ಲಿ ಕಿತ್ತುಕೊಂಡಿತು, ಗಡಿ ದಾಟಿದ ಆರೋಪದ ಮೇಲೆ. ಅಲಾಸ್ಕಾದಲ್ಲಿ ಕಡಿದಾದ ಬೆಟ್ಟ ಇಳಿದು ವಿಶ್ವ ಚಾಂಪಿಯನ್ ಆದವನಿಗೆ ತನ್ನ ಊರಿನ ಲಿಫ್ಟ್ ಹತ್ತೋಕೆ ಅನುಮತಿ ಇಲ್ಲ! ಎರಡೇ ವರ್ಷದಲ್ಲಿ, 1999ರಲ್ಲಿ, ಅದೇ ರೆಸಾರ್ಟ್ ಗೇಟ್‌ಗಳನ್ನ ತೆರೆಯಿತು. ಬೆಟ್ಟ ಬದಲಾಗಲಿಲ್ಲ, ಅಪಾಯ ಬದಲಾಗಲಿಲ್ಲ, ನಿಯಮ ಬದಲಾಯಿತು. ಅಷ್ಟರಲ್ಲಿ ಕೂಂಬ್ಸ್ ಯುರೋಪಿನಲ್ಲಿ ನೆಲೆ ಮಾಡಿಕೊಂಡಿದ್ದ.

ಈಗ ದಂಡದ ಲೆಕ್ಕ. ಮೊದಲ ಮೆಟ್ಟಿಲು ಪೊಲೀಸರಲ್ಲ, ಟಿಕೆಟ್. ಲಿಫ್ಟ್ ಪಾಸ್ ಒಂದು ಕರಾರು. ಹಗ್ಗದ ಕೆಳಗೆ ನುಸುಳಿದ್ದು ಕಂಡರೆ ಪ್ಯಾಟ್ರೋಲಿನವರು ಅಲ್ಲೇ ಪಾಸ್ ರದ್ದು ಮಾಡ್ತಾರೆ. ದಿನದ ಟಿಕೆಟ್ ಆದರೆ ಆ ದಿನ ಹೋಯ್ತು. ಸೀಸನ್ ಪಾಸ್ ಆದರೆ ಕೆಲವು ವಾರ, ಇಲ್ಲಾ ಇಡೀ ಸೀಸನ್ ಹೋಗಬಹುದು. ಈಗ ಒಂದೇ ಕಂಪನಿ ಹತ್ತಾರು ಬೆಟ್ಟಗಳಿಗೆ ಒಂದೇ ಪಾಸ್ ಮಾರೋ ಕಾಲ. ಪಾಸ್ ಹೋದರೆ ಒಂದು ಬೆಟ್ಟ ಮಾತ್ರ ಅಲ್ಲ, ಆ ಪಾಸಿನ ಎಲ್ಲಾ ಬೆಟ್ಟಗಳೂ ಹೋಗಬಹುದು. ನನ್ನ ಪ್ರಕಾರ ಖಾಯಂ ಸ್ಕೀಯರ್‌ಗಳು ನಿಜಕ್ಕೂ ಹೆದರೋದು ಇದಕ್ಕೇ.

ಎರಡನೇ ಮೆಟ್ಟಿಲು ರಾಜ್ಯದ ಕಾನೂನು. ಕೊಲೊರಾಡೋದಲ್ಲಿ 1979ರ ಸ್ಕೀ ಸುರಕ್ಷತಾ ಕಾಯ್ದೆ ಇದೆ. ಮುಚ್ಚಿದೆ ಅಂತ ಬೋರ್ಡ್ ಹಾಕಿದ ದಾರಿಯಲ್ಲಿ ಸ್ಕೀ ಮಾಡೋದು ಅದರ ಪ್ರಕಾರ ತಪ್ಪು. ಪಕ್ಕದ ಜಮೀನನ್ನು ಅದರ ಮಾಲೀಕ ಮುಚ್ಚಿ ಬೋರ್ಡ್ ಹಾಕಿದ್ದರೆ, ಗೊತ್ತಿದ್ದೂ ಅಲ್ಲಿಗೆ ನುಗ್ಗೋದೂ ತಪ್ಪು. ಅಲ್ಲಿನ ಬೋರ್ಡುಗಳಲ್ಲಿ ಬಹಳ ವರ್ಷ ಕಾಣ್ತಿದ್ದ ಮೊತ್ತ "1,000 ಡಾಲರ್‌ವರೆಗೆ". ಕ್ಯಾಲಿಫೋರ್ನಿಯಾದಲ್ಲಿ ಇದು ಅತಿಕ್ರಮ ಪ್ರವೇಶದ ಕಲಮಿನಲ್ಲೇ ಬರುತ್ತೆ. ಮನೆಯ ಕಾಂಪೌಂಡ್ ಹಾರಿದವರಿಗೂ ಮುಚ್ಚಿದ ಸ್ಕೀ ದಾರಿಗೆ ನುಗ್ಗಿದವರಿಗೂ ಒಂದೇ ಸೆಕ್ಷನ್, ಬೇರೆ ಉಪವಿಭಾಗ ಅಷ್ಟೆ. ವಾಷಿಂಗ್ಟನ್ ರಾಜ್ಯದಲ್ಲೂ ಇದು ಕ್ರಿಮಿನಲ್ ಅಪರಾಧವೇ. ಅರಣ್ಯ ಇಲಾಖೆಯೇ ಆದೇಶ ಹೊರಡಿಸಿ ಒಂದು ಪ್ರದೇಶ ಮುಚ್ಚಿದ್ದರೆ ವಿಷಯ ಕೇಂದ್ರ ಸರ್ಕಾರದ ಮಟ್ಟಕ್ಕೆ ಹೋಗುತ್ತೆ: ವ್ಯಕ್ತಿಗೆ 5,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಗಮನಿಸಿ, ಈ ಕಾನೂನುಗಳಲ್ಲೆಲ್ಲ "ಬೋರ್ಡ್ ಹಾಕಿದ" ಮತ್ತು "ಗೊತ್ತಿದ್ದೂ" ಅನ್ನೋ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಬೆಟ್ಟಕ್ಕೆ ಹೋಗೋದು ತಪ್ಪಲ್ಲ. ಮುಚ್ಚಿದ್ದು ಗೊತ್ತಾದ ಮೇಲೂ ಹೋಗೋದು ತಪ್ಪು.

ಆದರೆ "ಮುಚ್ಚಿದೆ" ಅಂದ್ರೆ ಎಲ್ಲಿಂದ ಎಲ್ಲಿಯವರೆಗೆ? ಸಾಫ್ಟ್‌ವೇರ್ ಬರೆಯೋವ್ರಿಗೆ ಇಂಥ ಪ್ರಶ್ನೆ ಹೊಸದಲ್ಲ. 2012ರ ಜನವರಿ 22ರಂದು ಕೊಲೊರಾಡೋದಲ್ಲಿ ಒಂದೇ ದಿನ ಎರಡು ಸಾವಾಯಿತು. ವೇಲ್ ರೆಸಾರ್ಟಿನಲ್ಲಿ ಪ್ರೈಮಾ ಕಾರ್ನಿಸ್ ಅನ್ನೋ ಕಡಿದಾದ ಇಳಿಜಾರಿಗೆ ಎರಡು ಗೇಟ್ ಇದ್ದವು, ಮೇಲೆ ಒಂದು, ಕೆಳಗೆ ಒಂದು. ಆ ದಿನ ಮೇಲಿನ ಗೇಟ್ ಮುಚ್ಚಿತ್ತು, ಕೆಳಗಿನದು ತೆರೆದಿತ್ತು. ಕೆಲವು ಹುಡುಗರು ತೆರೆದ ಗೇಟಿನಿಂದಲೇ ಒಳಗೆ ಹೋಗಿ, ಒಳಗಿನಿಂದ ಮೇಲಕ್ಕೆ ಅಡ್ಡಹೆಜ್ಜೆ ಹಾಕಿ ಹತ್ತಿದರು. ಹಿಮ ಜಾರಿತು. 13 ವರ್ಷದ ಹುಡುಗ ತೀರಿಕೊಂಡ. ಅವರು ಯಾವ ಹಗ್ಗವನ್ನೂ ದಾಟಿರಲಿಲ್ಲ, ಮೇಲಿನ ಭಾಗ ಮುಚ್ಚಿದೆ ಅಂತ ಒಳಗಡೆ ಯಾವ ಗುರುತೂ ಇರಲಿಲ್ಲ ಅನ್ನೋದು ಕುಟುಂಬದ ವಾದ. ಮೇಲಿನ ಗೇಟ್ ಮುಚ್ಚಿದ್ದರಿಂದ ಆ ಭಾಗ ಮುಚ್ಚಿದ್ದೇ, ಕೆಳಗಿನಿಂದ ಹತ್ತಿ ಹೋಗ್ತಾರೆ ಅಂತ ಯಾರೂ ನಿರೀಕ್ಷಿಸೋದಿಲ್ಲ ಅನ್ನೋದು ರೆಸಾರ್ಟಿನ ವಾದ. 2018ರಲ್ಲಿ ಜ್ಯೂರಿ ರೆಸಾರ್ಟಿನ ಪರವಾಗಿ ತೀರ್ಪು ಕೊಟ್ಟಿತು.

ಅದೇ ದಿನ ವಿಂಟರ್ ಪಾರ್ಕ್ ರೆಸಾರ್ಟಿನಲ್ಲಿ ಇನ್ನೊಬ್ಬರು ಹಿಮಕುಸಿತಕ್ಕೆ ಸಿಕ್ಕಿ ತೀರಿಕೊಂಡರು. ಅದು ಗಡಿಯೊಳಗೆ, ತೆರೆದಿದ್ದ ಜಾಗದಲ್ಲಿ. ಆ ಕೇಸು ಕೊಲೊರಾಡೋ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ರೆಸಾರ್ಟಿನ ಒಳಗೆ ಆಗುವ ಹಿಮಕುಸಿತವೂ ಸ್ಕೀಯಿಂಗ್‌ನ ಸಹಜ ಅಪಾಯಗಳಲ್ಲೇ ಸೇರುತ್ತೆ, ಅದಕ್ಕೆ ರೆಸಾರ್ಟ್ ಪರಿಹಾರ ಕೊಡಬೇಕಿಲ್ಲ ಅಂತ 2016ರಲ್ಲಿ ಬಹುಮತದ ತೀರ್ಪು ಬಂತು. ಇಬ್ಬರು ನ್ಯಾಯಮೂರ್ತಿಗಳು ಒಪ್ಪಲಿಲ್ಲ. ನನಗೂ ಆ ಭಿನ್ನಮತದ ಕಡೆಗೇ ಒಲವು. ದುಡ್ಡು ತಗೊಂಡು "ಇದು ತೆರೆದಿದೆ" ಅಂತ ಹೇಳಿದ ಮೇಲೆ ಆ ಮಾತಿಗೆ ಏನಾದರೂ ಬೆಲೆ ಇರಬೇಕಲ್ವಾ? ಇರಲಿ, ಕಾನೂನು ಸದ್ಯಕ್ಕೆ ಹಾಗಿದೆ. ತೆರೆದ ಜಾಗದಲ್ಲೇ ಪರಿಸ್ಥಿತಿ ಹೀಗಿರುವಾಗ ಮುಚ್ಚಿದ ಜಾಗದಲ್ಲಿ ಏನಾದರೂ ಆದರೆ ರೆಸಾರ್ಟಿನಿಂದ ಏನನ್ನೂ ನಿರೀಕ್ಷಿಸೋ ಹಾಗಿಲ್ಲ.

ಇನ್ನು "ನನ್ನ ಜೀವ, ನನ್ನ ಇಷ್ಟ" ಅನ್ನೋ ವಾದಕ್ಕೆ ಬರೋಣ. ಬಹಳ ಜನ ಇದನ್ನ ಹೇಳ್ತಾರೆ. ಜನ ಎಲ್ಲೋ ಒಂಟಿ ಬೆಟ್ಟದಲ್ಲಿ ತಮ್ಮ ಜೀವ ಪಣಕ್ಕಿಟ್ಟರೆ ಈ ಕಾನೂನುಗಳು ತಲೆ ಕೆಡಿಸಿಕೊಳ್ಳೋದು ಕಡಿಮೆ. ತೆರೆದ ಗೇಟ್ ಇರೋದೇ ಅದಕ್ಕೆ ಸಾಕ್ಷಿ. ಸಮಸ್ಯೆ ಏನಂದ್ರೆ ಹಿಮ ಕೆಳಕ್ಕೆ ಬರುತ್ತೆ. ಕೆಳಗೆ ಬೇರೆಯವರು ಸ್ಕೀ ಮಾಡ್ತಿರ್ತಾರೆ, ರಸ್ತೆ ಇರುತ್ತೆ, ಬೆಳಗ್ಗೆ ಸ್ಫೋಟಕ ಹಿಡಿದು ಕೆಲಸ ಮಾಡ್ತಿರೋ ಪ್ಯಾಟ್ರೋಲಿನವರಿರ್ತಾರೆ.

2020ರ ಮಾರ್ಚ್ 25ರ ಘಟನೆ ನೋಡಿ. ಇದು ರೆಸಾರ್ಟಿನ ಗಡಿಯ ವಿಷಯ ಅಲ್ಲ, ಪೂರ್ತಿ ಹೊರಗಿನ ಬೆಟ್ಟ, ಆದರೆ ದಂಡ ಯಾಕೆ ಅನ್ನೋದನ್ನ ಇದಕ್ಕಿಂತ ಚೆನ್ನಾಗಿ ತೋರಿಸೋ ಉದಾಹರಣೆ ನನಗೆ ಸಿಕ್ಕಿಲ್ಲ. ಕೊಲೊರಾಡೋದ ಐ-70 ಹೆದ್ದಾರಿಯ ಐಸೆನ್‌ಹೋವರ್ ಸುರಂಗದ ಮೇಲಿನ ಇಳಿಜಾರಿನಲ್ಲಿ ಇಬ್ಬರು ಸ್ನೋಬೋರ್ಡರ್‌ಗಳು ಇಳಿಯುವಾಗ ಹಿಮಕುಸಿತ ಆಯಿತು. ಹೆದ್ದಾರಿಯ ಪಕ್ಕದ ಸರ್ವೀಸ್ ರಸ್ತೆ ಮುಚ್ಚಿಹೋಯ್ತು. ಆ ಬೆಟ್ಟದ ಹಿಮವನ್ನು ನಿಯಂತ್ರಿಸೋಕೆ ಅಂತಲೇ ಇಟ್ಟಿದ್ದ ಯಂತ್ರವೂ ಹಾಳಾಯ್ತು. ಯಾರಿಗೂ ಗಾಯವಾಗಲಿಲ್ಲ. ಆದರೂ ಇಬ್ಬರ ಮೇಲೂ ಬೇರೆಯವರ ಜೀವಕ್ಕೆ ಅಪಾಯ ತಂದ ಆರೋಪ ಹೊರಿಸಿ, ಯಂತ್ರದ ನಷ್ಟಕ್ಕೆ 1,68,000 ಡಾಲರ್ ಕೇಳಿದರು.

ಇದರಲ್ಲಿ ನನಗೆ ಹಣಕ್ಕಿಂತ ಮುಖ್ಯ ಅನಿಸಿದ್ದು ಇನ್ನೊಂದು. ಅವರ ಹೆಲ್ಮೆಟ್ಟಿನಲ್ಲಿ ಕ್ಯಾಮೆರಾ ಇತ್ತು. ಬೇರೆಯವರು ಕಲಿಯಲಿ ಅಂತ ಅವರೇ ಆ ವಿಡಿಯೋವನ್ನ ರಾಜ್ಯದ ಹಿಮಕುಸಿತ ಮಾಹಿತಿ ಕೇಂದ್ರಕ್ಕೆ ಕೊಟ್ಟಿದ್ದರು. ಅದೇ ವಿಡಿಯೋ ಅವರ ವಿರುದ್ಧ ಸಾಕ್ಷಿಯಾಯಿತು. ಹೀಗಾದರೆ ನಾಳೆ ಯಾರೂ ನಮಗೆ ವರದಿ ಮಾಡೋದಿಲ್ಲ ಅನ್ನೋ ಆತಂಕ ಆ ಕೇಂದ್ರದವರಿಗೇ ಇತ್ತು. ಪ್ರೊಡಕ್ಷನ್ ಬಿದ್ದಾಗ ಯಾರು ಬೀಳಿಸಿದ್ದು ಅಂತ ಬೈಯದೆ, ಏನಾಯ್ತು ಅಂತ ಬರೆಸೋ ಪದ್ಧತಿ ನಮ್ಮ ಆಫೀಸುಗಳಲ್ಲಿ ಇದೆಯಲ್ಲ, ಅದರ ಹಿಂದಿರೋ ತರ್ಕವೂ ಇದೇ. ಬರೆದವರನ್ನೇ ಹಿಡಿದರೆ ಮುಂದಿನ ಸಲ ಯಾರೂ ಬರೆಯೋದಿಲ್ಲ. ಆದರೆ ಕೆಳಗೆ ಹೆದ್ದಾರಿಯಲ್ಲಿ ಕಾರಿನೊಳಗೆ ಕೂತಿರೋ ಕುಟುಂಬ ಈ ಕಲಿಕೆಗೆ ಒಪ್ಪಿಗೆ ಕೊಟ್ಟಿರಲಿಲ್ಲ ಅನ್ನೋದೂ ಅಷ್ಟೇ ನಿಜ. ನಾನು ಇದರಲ್ಲಿ ಎರಡು ಕಡೆಯೂ ತೂಗ್ತಾ ಇದ್ದೀನಿ.

ಮೂರನೇ ಮೆಟ್ಟಿಲು, ಮತ್ತು ಜನಸಾಮಾನ್ಯರ ಜೇಬಿಗೆ ನಿಜವಾಗಿ ಕತ್ತರಿ ಬೀಳೋದು ಇಲ್ಲಿ: ರಕ್ಷಣೆಯ ಬಿಲ್ಲು.

ವರ್ಮಾಂಟ್ ರಾಜ್ಯದ ಕಾನೂನು ನೇರವಾಗಿದೆ. ರೆಸಾರ್ಟಿನ ಲಿಫ್ಟ್ ಬಳಸಿ ಮೇಲೆ ಹೋಗಿ, ತೆರೆದ ದಾರಿಗಳನ್ನ ಬಿಟ್ಟು ಆಚೆ ಹೋದರೆ ಅಪಾಯ ನಿಮ್ಮದು, ನಿಮ್ಮನ್ನು ಹುಡುಕಿ ತರೋ ಖರ್ಚೂ ನಿಮ್ಮದು. ಪಕ್ಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಬೇಜವಾಬ್ದಾರಿ ಕಂಡುಬಂದರೆ ಬಿಲ್ ಕಳಿಸ್ತಾರೆ. ಮುಂಚೆಯೇ ವರ್ಷಕ್ಕೆ 25 ಡಾಲರ್ ಕೊಟ್ಟು ಒಂದು ಕಾರ್ಡ್ ಮಾಡಿಸಿಕೊಂಡರೆ ಸಾಮಾನ್ಯ ಎಡವಟ್ಟುಗಳಿಗೆ ವಿನಾಯಿತಿ ಸಿಗುತ್ತೆ.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ರಕ್ಷಣಾ ತಂಡಗಳು ಸ್ವಯಂಸೇವಕರದ್ದು, ಅವರು ಬಿಲ್ ಹಾಕೋದಿಲ್ಲ. 2012ರಲ್ಲಿ ವ್ಯಾಂಕೂವರ್ ಪಕ್ಕದ ಸೈಪ್ರೆಸ್ ಬೆಟ್ಟದಲ್ಲಿ ಒಬ್ಬ ಸ್ನೋಬೋರ್ಡರ್ ಗಡಿ ದಾಟಿ ದಿನಗಟ್ಟಲೆ ಕಳೆದುಹೋಗಿ, ಕೊನೆಗೆ ಜೀವಂತ ಸಿಕ್ಕ. ಸುಮಾರು 10,000 ಡಾಲರ್ ವಸೂಲಿ ಮಾಡ್ತೀವಿ ಅಂತ ರೆಸಾರ್ಟಿನವರು ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಆದರೆ ಹೆಲಿಕಾಪ್ಟರ್‌ನಿಂದ ತೂಗಾಡಿಕೊಂಡು ಇಳಿಯೋ ಸ್ವಯಂಸೇವಕರೇ ಬಿಲ್ ಬೇಡ ಅನ್ನೋರು. ಕಾರಣ ಸರಳ: ಬಿಲ್ ಬರುತ್ತೆ ಅಂತ ಗೊತ್ತಾದರೆ ಜನ ಫೋನ್ ಮಾಡೋಕೆ ಹಿಂದೆಮುಂದೆ ನೋಡ್ತಾರೆ. ಮಧ್ಯಾಹ್ನ ಮೂರಕ್ಕೆ ಬರಬೇಕಾದ ಕರೆ ರಾತ್ರಿ ಒಂಬತ್ತಕ್ಕೆ ಬರುತ್ತೆ. ಆಮೇಲೆ ಕತ್ತಲಲ್ಲಿ, ಹಿಮಗಾಳಿಯಲ್ಲಿ ಹೋಗಬೇಕಾದವರು ಅವರೇ. ನಮ್ಮ ಕಡೆ ಇದನ್ನ ಅರ್ಥ ಮಾಡಿಕೊಳ್ಳೋದು ಕಷ್ಟ ಅಲ್ಲ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ ಕರ್ನಾಟಕದ ತಂಡ ಹಿಮಗಾಳಿಗೆ ಸಿಕ್ಕಿ ಒಂಬತ್ತು ಜನ ತೀರಿಕೊಂಡಾಗ, ಉಳಿದ 13 ಜನರನ್ನ ಕರೆತರಲು ವಾಯುಪಡೆಯ ಹೆಲಿಕಾಪ್ಟರ್ ಹೋಯಿತು. ಬಿಲ್ ಯಾರು ಕೊಡ್ತಾರೆ ಅಂತ ಆ ಹೊತ್ತಿನಲ್ಲಿ ಯಾರ ಬಾಯಲ್ಲೂ ಬರಲಿಲ್ಲ, ಬರಲೂಬಾರದು.

ಕೆನಡಾದ್ದೇ ಇನ್ನೊಂದು ಘಟನೆ ಹೇಳದೆ ಮುಂದೆ ಹೋಗೋಕಾಗಲ್ಲ. 2009ರ ಫೆಬ್ರವರಿಯಲ್ಲಿ ಕ್ಯುಬೆಕ್‌ನ ಗಂಡ ಹೆಂಡತಿ ಕಿಕಿಂಗ್ ಹಾರ್ಸ್ ರೆಸಾರ್ಟಿನ ಗಡಿ ದಾಟಿ ದಾರಿ ತಪ್ಪಿದರು. ಹಿಮದ ಮೇಲೆ ಕಾಲಿನಿಂದ ತುಳಿದು ದೊಡ್ಡದಾಗಿ "ಎಸ್ ಓ ಎಸ್" ಬರೆದರು. ಅದನ್ನ ಜನ ನೋಡಿದರು, ತಿಳಿಸಿದರು ಕೂಡ. ಆದರೆ ಅವರು ಕಾಣೆಯಾಗಿದ್ದಾರೆ ಅಂತ ಯಾರೂ ದೂರು ಕೊಟ್ಟಿರಲಿಲ್ಲ. ಹುಡುಕಾಟ ಶುರುವಾಗಲಿಲ್ಲ. ಒಂಬತ್ತು ದಿನದ ನಂತರ ಹೆಲಿಕಾಪ್ಟರ್ ಇಳಿದಾಗ ಗಂಡ ಬದುಕಿದ್ದ, ಹೆಂಡತಿ ಇರಲಿಲ್ಲ. ಪೊಲೀಸರು ತಮ್ಮ ಕಡೆಯಿಂದ ತಪ್ಪಾಗಿದೆ ಅಂತ ಒಪ್ಪಿಕೊಂಡರು. ಮುಂದೆ ಗಂಡ ಮೊಕದ್ದಮೆ ಹೂಡಿದಾಗ ಸ್ಥಳೀಯ ಸ್ವಯಂಸೇವಕ ತಂಡದ ಹೆಸರನ್ನೂ ಸೇರಿಸಿದ್ದರಿಂದ ಅವರು ಕೆಲಕಾಲ ಕೆಲಸವನ್ನೇ ನಿಲ್ಲಿಸಿದರು. ಸಂಜೆಯ ಸುತ್ತು ಅಂತ ಆಗಲೇ ಹೇಳಿದೆನಲ್ಲ, ಅದು ಇಲ್ಲದ ಜಾಗ ಅಂದ್ರೆ ಹೀಗಿರುತ್ತೆ.

ಜಪಾನಿನ ನಿಸೆಕೊ ಇದನ್ನ ಬೇರೆ ರೀತಿ ನಿಭಾಯಿಸಿತು, ನನಗೆ ಅತ್ಯಂತ ಇಷ್ಟವಾದ ವ್ಯವಸ್ಥೆ ಅದೇ. ಅಲ್ಲಿ ಹಿಂದೆ ಹಿಮಕುಸಿತದ ಸಾವುಗಳು ಜಾಸ್ತಿ ಇದ್ದವು. ಪೂರ್ತಿ ನಿಷೇಧ ಹಾಕಿ ನೋಡಿದರು, ಜನ ಕದ್ದು ಹೋದರು. ಕೊನೆಗೆ "ನಿಸೆಕೊ ನಿಯಮ" ಅಂತ ಒಂದು ಪುಟದಲ್ಲಿ ಹಿಡಿಸುವ ನಿಯಮ ಮಾಡಿದರು. ಹೊರಗೆ ಹೋಗಬೇಕಾ, ಗೇಟಿನಿಂದ ಹೋಗಿ. ಗೇಟ್ ಮುಚ್ಚಿದ್ದರೆ ಹೋಗಬೇಡಿ. ಹಗ್ಗದ ಕೆಳಗೆ ನುಸುಳಬೇಡಿ. ದಿನಾ ಬೆಳಗ್ಗೆ ಹಿಮಕುಸಿತದ ಮಾಹಿತಿ ಪ್ರಕಟ ಮಾಡ್ತೀವಿ, ಓದಿ. ಯುನೊಸಾವಾ ಮತ್ತು ಹಾರುನೊತಾಕಿ ಅನ್ನೋ ಎರಡು ಜಾಗಗಳಿಗೆ ಯಾವತ್ತೂ ಪ್ರವೇಶ ಇಲ್ಲ. ತಪ್ಪಿದರೆ ಪಾಸ್ ಹೋಗುತ್ತೆ. ಗಡಿಯಾಚೆಯ ಹುಡುಕಾಟಕ್ಕೆ ಕನಿಷ್ಠ 1,00,000 ಯೆನ್. ಎಲ್ಲಾ ರೆಸಾರ್ಟುಗಳೂ ಒಂದೇ ನಿಯಮಕ್ಕೆ ಸಹಿ ಹಾಕಿದ್ದರಿಂದ "ಆ ಕಡೆ ಬಿಡ್ತಾರೆ, ಈ ಕಡೆ ಬಿಡಲ್ಲ" ಅನ್ನೋ ಗೊಂದಲ ಇಲ್ಲ. ನಾಗಾನೊ ಪ್ರಾಂತ್ಯದ ನೊಜಾವಾ ಓನ್ಸೆನ್ ಅನ್ನೋ ಹಳ್ಳಿಯಂತೂ 2010ರಲ್ಲಿ ತನ್ನದೇ ಸ್ಥಳೀಯ ಕಾನೂನು ಮಾಡಿ, ಗಡಿಯಾಚೆ ಹೋದವರ ರಕ್ಷಣೆಯ ಖರ್ಚು ಅವರದ್ದೇ ಅಂತ ಬರೆದುಬಿಟ್ಟಿತು.

ಯುರೋಪಿನ ಆಲ್ಪ್ಸ್‌ಗೆ ಹೋಗೋರು ಒಂದು ವ್ಯತ್ಯಾಸ ತಲೆಯಲ್ಲಿ ಇಟ್ಟುಕೊಳ್ಳಿ. ಅಮೆರಿಕದಲ್ಲಿ ರೆಸಾರ್ಟ್ ನೋಡಿಕೊಳ್ಳೋದು ಒಂದು ಇಡೀ ಪ್ರದೇಶವನ್ನ. ಗಡಿಯೊಳಗಿನ ಮರಗಳ ನಡುವೆ ಹೋದರೂ ನೀವು ಒಳಗೇ ಇದ್ದೀರಿ. ಆಲ್ಪ್ಸ್‌ನಲ್ಲಿ ನೋಡಿಕೊಳ್ಳೋದು ಗುರುತು ಮಾಡಿದ ದಾರಿಯನ್ನ ಮಾತ್ರ. ದಾರಿಯ ಅಂಚಿನ ಕಂಬದಿಂದ ಎರಡು ಹೆಜ್ಜೆ ಆಚೆ ಇಟ್ಟರೆ ಹೊರಗೆ ಬಂದಿರಿ, ಹಗ್ಗವೂ ಇರೋದಿಲ್ಲ, ಗೇಟೂ ಇರೋದಿಲ್ಲ. 2013ರ ಡಿಸೆಂಬರ್ 29ರಂದು ಫ್ರಾನ್ಸಿನ ಮೆರಿಬೆಲ್‌ನಲ್ಲಿ ಮೈಕೆಲ್ ಶುಮಾಕರ್ ಬಿದ್ದದ್ದು ಗುರುತು ಮಾಡಿದ ದಾರಿಯಿಂದ ಕೆಲವೇ ಮೀಟರ್ ಆಚೆ, ಹಿಮದಲ್ಲಿ ಅರ್ಧ ಮುಚ್ಚಿದ್ದ ಕಲ್ಲುಗಳ ನಡುವೆ. ತನಿಖೆ ನಡೆಸಿದ ಸರ್ಕಾರಿ ವಕೀಲರು ದಾರಿಯ ಗುರುತುಗಳು ಸರಿಯಾಗೇ ಇದ್ದವು ಅಂತ ಕೆಲವೇ ವಾರಗಳಲ್ಲಿ ಕಡತ ಮುಚ್ಚಿದರು.

ಹಾಗೆ ದಾರಿ ಬಿಟ್ಟು ಹೋಗೋದು ಫ್ರಾನ್ಸಿನಲ್ಲಿ ಸಾಮಾನ್ಯವಾಗಿ ಅಪರಾಧ ಅಲ್ಲ. ಊರಿನ ಮೇಯರ್ ಆದೇಶ ಹೊರಡಿಸಿ ಮುಚ್ಚಿದ್ದರೆ ಮಾತ್ರ ದಂಡ. ಬೇರೆಯವರ ಜೀವವನ್ನ ಬೇಕಂತಲೇ ಅಪಾಯಕ್ಕೆ ಒಡ್ಡಿದರೆ ಒಂದು ವರ್ಷ ಜೈಲು, 15,000 ಯೂರೋ ದಂಡದವರೆಗೆ ಹೋಗಬಹುದು. ಇದರ ಜೊತೆಗೊಂದು ತಮಾಷೆ ಇದೆ. ಫ್ರಾನ್ಸಿನಲ್ಲಿ ದಾರಿಯೊಳಗೆ ಬಿದ್ದು ಕಾಲು ಮುರಿದುಕೊಂಡರೆ ರಕ್ಷಣೆಗೆ ಊರಿನವರು ಬಿಲ್ ಕೊಡಬಹುದು, 1985ರ ಪರ್ವತ ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ. ದೂರದ ಬೆಟ್ಟದಲ್ಲಿ ಬಿದ್ದು ಸರ್ಕಾರದ ಪರ್ವತ ಪೊಲೀಸ್ ದಳ ಹೆಲಿಕಾಪ್ಟರಿನಲ್ಲಿ ಬಂದರೆ ಸಾಮಾನ್ಯವಾಗಿ ಬಿಲ್ ಇಲ್ಲ. ಇಟಲಿ 2022ರಿಂದ ಎಲ್ಲಾ ಸ್ಕೀಯರ್‌ಗಳಿಗೂ ವಿಮೆ ಕಡ್ಡಾಯ ಮಾಡಿದೆ. ಹಿಮಕುಸಿತದ ಅಪಾಯ ಇರೋ ಕಡೆ ದಾರಿ ಬಿಟ್ಟು ಹೋಗೋರು ಸಿಗ್ನಲ್ ಕೊಡೋ ಟ್ರಾನ್ಸೀವರ್, ಸಲಿಕೆ, ಹಿಮಕ್ಕೆ ಚುಚ್ಚಿ ನೋಡೋ ಉದ್ದನೆಯ ಕೋಲು, ಈ ಮೂರೂ ಇಟ್ಟುಕೊಂಡಿರಲೇಬೇಕು.

ಈಗ ನಮ್ಮ ಗುಲ್ಮಾರ್ಗ್. ನಿಮ್ಮಲ್ಲಿ ಹೆಚ್ಚಿನವರು ಹೋಗೋದು ಅಲ್ಲಿಗೇ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಗುಲ್ಮಾರ್ಗ್ ಇರೋದೇ ಸುಮಾರು 2,650 ಮೀಟರ್ ಎತ್ತರದಲ್ಲಿ. ಗೊಂಡೋಲಾದ ಮೊದಲ ಹಂತ 1998ರಲ್ಲಿ ಶುರುವಾಯಿತು, ಕೊಂಗ್‌ಡೂರಿವರೆಗೆ ಹೋಗುತ್ತೆ. 2005ರಲ್ಲಿ ಬಂದ ಎರಡನೇ ಹಂತ ಅಫರ್ವತ್ ಬೆಟ್ಟದ ಹೆಗಲಿಗೆ, 3,900 ಮೀಟರಿಗೂ ಮೇಲೆ ಒಯ್ದು ಬಿಡುತ್ತೆ. ಕಲಿಯೋರು ಓಡಾಡೋದು ಕೆಳಗಿನ ಬಯಲಿನಲ್ಲಿ, ಹೆಚ್ಚೆಂದರೆ ಮೊದಲ ಹಂತದಲ್ಲಿ. ಎರಡನೇ ಹಂತದ ಮೇಲೆ ಗೊಂಡೋಲಾ ಕೆಳಗಿನ ಮುಖ್ಯ ಬಟ್ಟಲಿನಂಥ ಜಾಗವನ್ನ ಅಲ್ಲಿನ ಪ್ಯಾಟ್ರೋಲ್ ನೋಡಿಕೊಳ್ಳುತ್ತೆ, ಅಪಾಯ ಇದ್ದಾಗ ಮುಚ್ಚುತ್ತೆ. ಅದರ ಎಡಬಲಕ್ಕೆ ಮೈಲಿಗಟ್ಟಲೆ ಇರೋದೆಲ್ಲ ತೆರೆದ ಹಿಮಾಲಯ. ಕೊಲೊರಾಡೋದ ಹಾಗೆ ಉದ್ದಕ್ಕೂ ಹಗ್ಗ, ಐವತ್ತು ಮೀಟರಿಗೊಂದು ಬೋರ್ಡ್ ನಿರೀಕ್ಷಿಸಬೇಡಿ. ಹಗ್ಗ ಇಲ್ಲ ಅಂದ್ರೆ ಹೋಗಬಹುದು ಅಂತ ಅರ್ಥ ಅಲ್ಲ. ಅಲ್ಲಿಗೆ ಯಾರೂ ಸ್ಫೋಟಕ ಹಾಕಿ ಹಿಮ ಬೀಳಿಸಿಲ್ಲ ಅಂತ ಮಾತ್ರ ಅರ್ಥ.

2023ರ ಫೆಬ್ರವರಿ 1ರಂದು ಅಫರ್ವತ್‌ನ ಹಾಪತ್‌ಖುಡ್ ಕಡೆ ಹಿಮಕುಸಿತಕ್ಕೆ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಬಲಿಯಾದರು. 19 ವಿದೇಶಿಯರನ್ನ ರಕ್ಷಿಸಿದರು. 2024ರ ಫೆಬ್ರವರಿ 22ರಂದು ಖಿಲನ್‌ಮಾರ್ಗ್‌ನಲ್ಲಿ ರಷ್ಯಾದ ಒಬ್ಬರು ತೀರಿಕೊಂಡರು; ಆ ಗುಂಪು ಸ್ಥಳೀಯರಿಲ್ಲದೆ ಹೋಗಿತ್ತು ಅಂತ ಆಗ ವರದಿಯಾಯಿತು. ಇವರೆಲ್ಲ ಹೊಸಬರಲ್ಲ. 2010ರ ಫೆಬ್ರವರಿ 8ರಂದು ಅದೇ ಖಿಲನ್‌ಮಾರ್ಗ್‌ನಲ್ಲಿ ನಮ್ಮ ಸೇನೆಯ ಎತ್ತರದ ಪ್ರದೇಶದ ಯುದ್ಧ ತರಬೇತಿ ಶಾಲೆಯ 17 ಯೋಧರನ್ನ ಹಿಮ ನುಂಗಿತ್ತು. ಹಿಮದಲ್ಲಿ ಬದುಕೋದನ್ನೇ ಕಲಿಸೋ ಶಾಲೆ ಅದು.

ಕಾನೂನು ಏನು ಹೇಳುತ್ತೆ? ನಮ್ಮಲ್ಲಿ ಸ್ಕೀಗೆ ಅಂತಲೇ ಮಾಡಿದ ಕೇಂದ್ರ ಕಾಯ್ದೆ ಇಲ್ಲ. ಹಾಗಂತ ಕಾನೂನೇ ಇಲ್ಲ ಅಂತ ಅಲ್ಲ. ಆಡಳಿತ ಅಧಿಕೃತವಾಗಿ ಆದೇಶ ಹೊರಡಿಸಿ ಒಂದು ಪ್ರದೇಶ ಮುಚ್ಚಿದ್ದರೆ ಭಾರತೀಯ ನ್ಯಾಯ ಸಂಹಿತೆಯ 223ನೇ ಸೆಕ್ಷನ್ ಅನ್ವಯವಾಗಬಹುದು. ಸರ್ಕಾರಿ ಅಧಿಕಾರಿಯ ಆದೇಶ ಮೀರಿದ್ದಕ್ಕೆ ಆರು ತಿಂಗಳವರೆಗೆ, ಅದರಿಂದ ಜನರ ಜೀವಕ್ಕೆ ಅಪಾಯ ಬಂದಿದ್ದರೆ ಒಂದು ವರ್ಷದವರೆಗೆ ಶಿಕ್ಷೆ. ಬೇರೆಯವರ ಜೀವಕ್ಕೆ ಅಪಾಯ ತರೋ ದುಡುಕಿಗೆ 125ನೇ ಸೆಕ್ಷನ್ ಇದೆ, ಅದರ ಕನಿಷ್ಠ ಮಟ್ಟದಲ್ಲಿ ಮೂರು ತಿಂಗಳವರೆಗೆ ಶಿಕ್ಷೆ ಅಥವಾ 2,500 ರೂಪಾಯಿವರೆಗೆ ದಂಡ. ನಿರ್ಲಕ್ಷ್ಯದಿಂದ ಯಾರಾದರೂ ಸತ್ತರೆ 106ನೇ ಸೆಕ್ಷನ್, ಐದು ವರ್ಷದವರೆಗೆ. ಗೆಳೆಯರ ಗುಂಪನ್ನ "ಬನ್ನಿ, ನನಗೆ ದಾರಿ ಗೊತ್ತು" ಅಂತ ಕರೆದುಕೊಂಡು ಹೋಗೋರು ಈ ಕೊನೆಯದನ್ನ ಸ್ವಲ್ಪ ಯೋಚಿಸಬೇಕು.

ಅಲ್ಲಿ ಜನಕ್ಕೆ ಗೊತ್ತಿಲ್ಲದೆ ಸಿಕ್ಕಿಬೀಳೋ ನಿಯಮ ಇನ್ನೊಂದಿದೆ, ಉಪಗ್ರಹ ಫೋನಿನದು. ಅಮೆರಿಕದಲ್ಲಿರೋ ನಮ್ಮ ಹುಡುಗರು ರಜೆಗೆ ಬರುವಾಗ ಗಾರ್ಮಿನ್ ಇನ್‌ರೀಚ್ ತರಹದ ಸಾಧನ ಬ್ಯಾಗಿನಲ್ಲಿ ಇಟ್ಟುಕೊಂಡು ಬರ್ತಾರೆ. ಅಲ್ಲಿ ಅದು ಜವಾಬ್ದಾರಿಯುತ ಸ್ಕೀಯರ್‌ನ ಲಕ್ಷಣ. ಇಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಇಟ್ಟುಕೊಳ್ಳೋದೇ ಅಪರಾಧ. 2024ರ ಡಿಸೆಂಬರಿನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲೇ ಕೆನಡಾದ ಒಬ್ಬ ಪ್ರವಾಸಿಯನ್ನ ಇದಕ್ಕಾಗಿ ಹಿಡಿದಿದ್ದರು. ಗುಲ್ಮಾರ್ಗ್ ಅಂತೂ ಗಡಿ ನಿಯಂತ್ರಣ ರೇಖೆಗೆ ಹತ್ತಿರ. ಅದನ್ನ ಒಯ್ಯಬೇಡಿ. ಮತ್ತೆ, ಹೊರಗಿನ ರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ನಡೆಯೋದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಪುಣೆಯಲ್ಲಿ ಹಾಕಿಸಿದ ಪ್ರೀಪೇಯ್ಡ್ ನಂಬಿಕೊಂಡು ಎರಡನೇ ಹಂತ ಹತ್ತಿದರೆ ನಿಮ್ಮ ಕೈಯಲ್ಲಿರೋದು ಬರೀ ಕ್ಯಾಮೆರಾ.

ವಿಮೆಯ ವಿಷಯವೂ ನೋಡಿಕೊಳ್ಳಿ. ನಮ್ಮ ಆಫೀಸಿನ ಗ್ರೂಪ್ ಪಾಲಿಸಿ ಇದೆಯಲ್ಲ ಅಂತ ಸುಮ್ಮನಿರಬೇಡಿ. ಸಾಹಸ ಕ್ರೀಡೆಗಳನ್ನ ಹೊರಗಿಡೋ ಕಲಮು ಬಹಳ ಪಾಲಿಸಿಗಳಲ್ಲಿ ಇರುತ್ತೆ. ಪ್ರವಾಸ ವಿಮೆಯಲ್ಲಿ ಸ್ಕೀ ಸೇರಿಸಿದ್ದರೂ "ಗುರುತು ಮಾಡಿದ ದಾರಿಯಲ್ಲಿ ಮಾತ್ರ" ಅನ್ನೋ ಷರತ್ತು ಇರಬಹುದು. ಆ ಸಾಲು ಇದ್ದರೆ, ಕಾನೂನುಬದ್ಧವಾಗಿ ತೆರೆದ ಗೇಟಿನಿಂದಲೇ ಹೋದರೂ ಕ್ಲೇಮ್ ಸಿಗೋದಿಲ್ಲ. ಹೊರಡುವ ಮುಂಚೆ ಪಾಲಿಸಿಯಲ್ಲಿ ಆ ಒಂದು ಪ್ಯಾರಾ ಹುಡುಕಿ ಓದಿ, ಅರ್ಥವಾಗದಿದ್ದರೆ ಇಮೇಲ್‌ನಲ್ಲಿ ಕೇಳಿ, ಉತ್ತರ ಬರವಣಿಗೆಯಲ್ಲಿ ಇಟ್ಟುಕೊಳ್ಳಿ.

ಗುಲ್ಮಾರ್ಗ್‌ನಲ್ಲಿ ಬೆಳಗ್ಗೆ ಎರಡನೇ ಹಂತದ ಟಿಕೆಟ್ ತಗೊಳ್ಳೋ ಮುಂಚೆ ಪ್ಯಾಟ್ರೋಲಿನವರನ್ನ ಕೇಳಬೇಕಾದ್ದು ಮೂರೇ ಮೂರು: ಇವತ್ತು ಬಟ್ಟಲು ತೆರೆದಿದೆಯಾ, ನಿಮ್ಮ ನಿಯಂತ್ರಣ ಎಲ್ಲಿಗೆ ಮುಗಿಯುತ್ತೆ, ಈ ವಾರ ಗಾಳಿ ಯಾವ ಕಡೆ ಹಿಮ ತುಂಬಿದೆ. ಅವರಿಗೆ ಕನ್ನಡ ಬರಲ್ಲ, ನಮ್ಮ ಬೆಂಗಳೂರು ಹಿಂದಿ ಸಾಕು. ಟ್ರಾನ್ಸೀವರ್ ಬಾಡಿಗೆಗೆ ತಗೊಂಡರೆ ಗುಂಪಿನಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಇರಲಿ, ಒಬ್ಬರದನ್ನ ಹಿಮದಲ್ಲಿ ಹೂತು ಉಳಿದವರು ಹುಡುಕೋ ಅಭ್ಯಾಸ ಹಿಂದಿನ ದಿನವೇ ಹೋಟೆಲಿನ ಅಂಗಳದಲ್ಲಿ ಮಾಡಿ. ಹಿಮದಡಿ ಹದಿನೈದು ನಿಮಿಷದೊಳಗೆ ಸಿಕ್ಕವರಲ್ಲಿ ಹೆಚ್ಚಿನವರು ಬದುಕ್ತಾರೆ, ಅರ್ಧ ಗಂಟೆ ದಾಟಿದರೆ ಲೆಕ್ಕ ತಲೆಕೆಳಗಾಗುತ್ತೆ. ಪ್ಯಾಟ್ರೋಲ್ ಬರೋಷ್ಟರಲ್ಲಿ ಆ ಸಮಯ ಮುಗಿದಿರುತ್ತೆ, ಹುಡುಕಬೇಕಾದವರು ನಿಮ್ಮ ಜೊತೆಗಿದ್ದವರೇ. ಈ ಟ್ರಾನ್ಸೀವರ್‌ಗಳು ಜಗತ್ತಿನಾದ್ಯಂತ 457 ಕಿಲೋಹರ್ಟ್ಜ್ ಅನ್ನೋ ಒಂದೇ ತರಂಗದಲ್ಲಿ ಯಾಕೆ ಕೆಲಸ ಮಾಡ್ತವೆ, ಜೇಬಿನಲ್ಲಿರೋ ಮೊಬೈಲು ಅದಕ್ಕೆ ಹೇಗೆ ಅಡ್ಡಿ ಮಾಡುತ್ತೆ ಅನ್ನೋದನ್ನ ಮುಂದಿನ ವಿಡಿಯೋದಲ್ಲಿ ಒಂದನ್ನ ಬಿಚ್ಚಿ ತೋರಿಸ್ತೀನಿ.